ಹುಳುಮನೆಯಲ್ಲಿ ಕೂಗಿದ ಹೆಸರು

ನಮ್ಮ ತಂಡದ ವರ್ಷದ ವರದಿಯಲ್ಲಿ ಒಂದು ಸಾಲಿದೆ. ನಾಲ್ಕು ತಾಲ್ಲೂಕುಗಳ ಮೂವತ್ತೊಂದು ರೇಷ್ಮೆ ಹುಳುಮನೆಗಳಲ್ಲಿ ಉಪಕರಣ ಅಳವಡಿಸಿ ಅದರ ಸುರಕ್ಷತೆಯನ್ನು ಪರೀಕ್ಷಿಸಲಾಯಿತು ಎಂದು. ಆ ಮೂವತ್ತೊಂದರಲ್ಲಿ ಇಪ್ಪತ್ತೆಂಟಕ್ಕೆ ನಾನು ನನ್ನ ಅಕ್ಕನ ಹೆಸರನ್ನು ಪಾಸ್‌ವರ್ಡ್ ಆಗಿ ಇಟ್ಟಿದ್ದೆ. ವರದಿಯಲ್ಲಿ ಅದು "ಕ್ಷೇತ್ರ ಸಿಬ್ಬಂದಿಯ ಲೋಪ" ಎಂಬ ಮೂರು ಪದಗಳಲ್ಲಿ ಮುಗಿದಿದೆ. ಆ ಸಿಬ್ಬಂದಿ ನಾನೇ. ಮೂರು ಪದಕ್ಕೆ ಹಿಡಿಸದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಓದಿರುವುದು ಏಳನೇ ಕ್ಲಾಸು. ವಿಶ್ವವಿದ್ಯಾಲಯದ ಸೈಬರ್ ಸುರಕ್ಷತಾ ತಂಡದ ವ್ಯಾನು ಓಡಿಸುವುದು ನನ್ನ ಕೆಲಸ. ಆ ವರ್ಷದ ಮೊದಲ ಆರು ತಿಂಗಳು ಊರೂರು ಸುತ್ತಿ ತಿಳಿವಳಿಕೆ ಕೊಡುವುದಿತ್ತು. ಹಾಲಿನ ಡೇರಿಗಳ ಮುಂದೆ, ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರ ನಡುವೆ, ಮಾಗಡಿಯ ಶಾಲೆಗಳಲ್ಲಿ ಮೈಕು ಕಟ್ಟುವುದು, ಪರದೆ ಕಟ್ಟುವುದು, ಮುಗಿದ ಮೇಲೆ ಬಿಚ್ಚುವುದು. ತಂಡದ ಮುಖ್ಯಸ್ಥೆ ನಮ್ಮ ಮೇಡಂ. ಅವರು ಪ್ರತಿ ಊರಿನಲ್ಲೂ ಒಂದು ಮಾತು ಹೇಳುತ್ತಿದ್ದರು. "ಒಂದೇ ಬೀಗದ ಕೈಯನ್ನ ಎಲ್ಲಾ ಬಾಗಿಲಿಗೂ ಹಾಕಬೇಡಿ. ಒಂದು ಬಾಗಿಲು ತೆರೆದವನು ಎಲ್ಲವನ್ನೂ ತೆರೀತಾನೆ." ಮೈಕಿನ ವೈರು ಹಿಡಿದು ನಿಂತು ಈ ಮಾತನ್ನು ನಾನು ನಲವತ್ತು ಸಲವಾದರೂ ಕೇಳಿದ್ದೇನೆ. ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಆಮೇಲಿನ ಆರು ತಿಂಗಳು ಕಂಪನಿಯ ಜೊತೆ ಕೆಲಸ. ಕಂಪನಿಯೊಂದು ಹುಳುಮನೆಗೆಂದು ಒಂದು ಬಿಳಿ ಡಬ್ಬಿ ಮಾಡಿತ್ತು. ಅದರಲ್ಲಿ ಒಂದು ಕ್ಯಾಮೆರಾ, ಒಂದು ಸಿಮ್ಮು, ಬಿಸಿ ಮತ್ತು ತೇವ ಅಳೆಯುವ ಒಂದು ಕಡ್ಡಿ. ತೇವ ಇಳಿದರೆ ಹೆಂಗಸಿನ ದನಿಯಲ್ಲಿ "ತೇವಾಂಶ ಕಡಿಮೆ ಇದೆ, ಗೋಣಿಚೀಲ ನೆನೆಸಿ" ಎಂದು ತಾನೇ ಹೇಳುತ್ತಿತ್ತು. ಮೊಬೈಲಿನಿಂದಲೂ ನೋಡಬಹುದಿತ್ತು. ಮೊಬೈಲಿನಲ್ಲಿ ಮೈಕಿನ ಚಿತ್ರ ಒತ್ತಿ ಹಿಡಿದು ಮಾತಾಡಿದರೆ ನಮ್ಮ ಮಾತು ಡಬ್ಬಿಯಿಂದ ಹೊರಬರುತ್ತಿತ್ತು. ರೇಷ್ಮೆ ತಜ್ಞರು ಊರಿಗೆ ಬರದೆಯೇ ಸಲಹೆ ಕೊಡಲಿ ಎಂದು ಅದನ್ನು ಇಟ್ಟಿದ್ದರು. ಕಂಪನಿಯ ಎಂಜಿನಿಯರು ಇದನ್ನು ನಮಗೆ ಮಾತ್ರ ತೋರಿಸಿದ್ದರು. ತಜ್ಞರ ವ್ಯವಸ್ಥೆ ಇನ್ನೂ ಆಗಿರಲಿಲ್ಲವಾದ್ದರಿಂದ ಊರಿನವರಿಗೆ ಯಾರೂ ಹೇಳಿರಲಿಲ್ಲ.

ಡಬ್ಬಿಗಳನ್ನು ಮನೆಗಳಲ್ಲಿ ಕೂರಿಸಿ, ಅವಕ್ಕೆ ಹೊರಗಿನವರು ನುಗ್ಗಬಹುದೇ ಎಂದು ನೋಡುವುದು ನಮ್ಮ ತಂಡದ ಪಾಲಿಗೆ ಬಂದಿತ್ತು. ಮೇಡಂ ಒಂದು ಕ್ರಮ ಹಾಕಿಕೊಟ್ಟರು. ಒಂದೊಂದು ಡಬ್ಬಿಗೂ ಬೇರೆ ಬೇರೆ ಪಾಸ್‌ವರ್ಡ್ ಅಚ್ಚು ಹಾಕಿ ಲಕೋಟೆಯಲ್ಲಿಟ್ಟು ಅಂಟಿಸಿ ಕೊಡುತ್ತಿದ್ದರು. ಮನೆಗೆ ಹೋಗಿ ಲಕೋಟೆ ಒಡೆದು, ಅದನ್ನು ಮೊಬೈಲಿನಲ್ಲಿ ಒತ್ತಿ, ಡಬ್ಬಿಯ ಹಳೆಯ ಪಾಸ್‌ವರ್ಡ್ ಬದಲಿಸಿ, ಆ ಮನೆಯವರ ಮೊಬೈಲಿನಲ್ಲೂ ಕೂರಿಸಿ, ಕಾಗದವನ್ನು ಅವರ ಕೈಗೆ ಕೊಟ್ಟು, ಪುಸ್ತಕದಲ್ಲಿ "ಬದಲಾಯಿಸಿದೆ" ಎಂಬ ಕಡೆ ಟಿಕ್ ಹಾಕಬೇಕು. ಇಬ್ಬರು ವಿದ್ಯಾರ್ಥಿಗಳು ಜೊತೆಗಿದ್ದರೂ ದಿನಕ್ಕೆ ಮೂರು ನಾಲ್ಕು ಮನೆ ಮುಗಿಸಬೇಕಾಗಿದ್ದರಿಂದ ಅವರು ಒಂದು ಮನೆಯಲ್ಲಿ ಡಬ್ಬಿ ಕೂರಿಸುತ್ತಿದ್ದರೆ, ನಾನು ಇನ್ನೊಂದರಲ್ಲಿ ಪಾಸ್‌ವರ್ಡ್ ಬದಲಿಸುತ್ತಿದ್ದೆ. ಕೊನೆಗೆ ಲಕೋಟೆಗಳ ಕೆಲಸ ಪೂರ್ತಿ ನನ್ನ ಕೈಗೇ ಬಂತು.

ಹುಳುಮನೆಗೆ ಸುಮ್ಮನೆ ಯಾರನ್ನೂ ಬಿಡುವುದಿಲ್ಲ. ಬಾಗಿಲಲ್ಲಿ ಕಾಲು ತೊಳೆದು, ಸುಣ್ಣದ ಪುಡಿ ತುಳಿದು ಒಳಗೆ ಕಾಲಿಡಬೇಕು. ಒಳಗೆ ಮನೆಯ ಹೆಂಗಸರು ನನ್ನ ಕೈಯನ್ನೇ ನೋಡುತ್ತಾ ನಿಲ್ಲುತ್ತಿದ್ದರು. ಲಕೋಟೆಯೊಳಗಿನ ಅಕ್ಷರಗಳು ಅರ್ಥವಿಲ್ಲದವು. ಅದರಲ್ಲಿ ಮೂರು ಥರದ ಕಡ್ಡಿಗಳಿದ್ದವು. ಒಂದು ಕಡ್ಡಿ ದೊಡ್ಡ ಐ, ಒಂದು ಸಣ್ಣ ಎಲ್, ಒಂದು ಅಂಕಿಯ ಒಂದು. ಸೊನ್ನೆಯೂ ಓ ಅಕ್ಷರವೂ ನನ್ನ ಕಣ್ಣಿಗೆ ಒಂದೇ. ಐದು ಸಲ ತಪ್ಪಿದರೆ ಡಬ್ಬಿ ಕೆಂಪು ದೀಪ ಹಚ್ಚಿಕೊಂಡು ಅರ್ಧ ಗಂಟೆ ಸುಮ್ಮನಾಗುತ್ತಿತ್ತು. ಮೊದಲ ಮೂರು ಮನೆಗಳಲ್ಲಿ ಹೇಗೋ ದಾಟಿದೆ. ನಾಲ್ಕನೆಯದು ಮಾಗಡಿ ಕಡೆಯ ಒಂದು ಮನೆ. ಅಲ್ಲಿ ಎರಡು ಸಲ ಕೆಂಪು ದೀಪ ಬಂತು.

"ಏನಣ್ಣ, ಕಾಲೇಜಿನೋರು ಅಂದ್ರಿ. ನಿಮ್ಗೇ ಓದಕ್ಕೆ ಬರಾಕಿಲ್ವಾ?" ಎಂದು ಆ ಮನೆಯ ಯಜಮಾನ ನಗುತ್ತಾ ಕೇಳಿದ. ಕೇಡಿನ ನಗೆಯಲ್ಲ. ಆದರೂ ನನ್ನ ಕಿವಿ ಬಿಸಿಯಾಯಿತು.

ಅರ್ಧ ಗಂಟೆ ಕಾದೆ. ಹಸಿರು ದೀಪ ಬಂದಾಗ ಲಕೋಟೆಯನ್ನು ಜೇಬಿಗೆ ಹಾಕಿಕೊಂಡು, ತಪ್ಪದೆ ಒತ್ತಬಲ್ಲ ಒಂದೇ ಒಂದು ಇಂಗ್ಲಿಷ್ ಪದವನ್ನು ಒತ್ತಿದೆ. ಈ ಕೆಲಸಕ್ಕೆ ಮೊದಲು ನನ್ನದೊಂದು ಗೂಡ್ಸ್ ಆಟೊ ಇತ್ತು. ಅದರ ಬೆನ್ನಿನ ಮೇಲೆ ಪೇಂಟರು ಇಂಗ್ಲಿಷಿನಲ್ಲಿ ನನ್ನ ಅಕ್ಕನ ಹೆಸರು ಬರೆದಿದ್ದ. ಕೆಂಪಾಜಮ್ಮ. ಹತ್ತು ಅಕ್ಷರ. ದಿನಾ ಬೆಳಿಗ್ಗೆ ಬಟ್ಟೆಯಿಂದ ಒರೆಸಿ ಒರೆಸಿ ಆ ಹತ್ತು ಅಕ್ಷರ ಕೈಗೆ ಹತ್ತಿತ್ತು. ಡಬ್ಬಿ ಕೇಳುತ್ತಿದ್ದದ್ದೂ ಹತ್ತಕ್ಕೆ ಕಡಿಮೆಯಿಲ್ಲದ ಅಕ್ಷರ. ನೀಲಿ ದೀಪ ಹತ್ತಿತು. ಪುಸ್ತಕದಲ್ಲಿ ಟಿಕ್ ಹಾಕಿದೆ. ಕೆಲಸಕ್ಕೆ ಬಾರದ ಕಾಗದವನ್ನು ಯಜಮಾನನ ಕೈಗೆ ಕೊಟ್ಟು, "ಜೋಪಾನ" ಎಂದೆ.

ಮಾಗಡಿ ಕಡೆ, ಬೈರಮಂಗಲದ ಕಡೆ, ಕಬ್ಬಾಳಿನ ಸುತ್ತಮುತ್ತ, ಕೊನೆಗೆ ಅಕ್ಕೂರು. ಎಲ್ಲಾ ಕಡೆಗೂ ಅದೇ ಹೆಸರು. ತಂಡದ ಹುಬ್ಬಳ್ಳಿ ಕಡೆಯ ವಿದ್ಯಾರ್ಥಿನಿ ಸಂಜೆ ಪುಸ್ತಕ ನೋಡಿ, "ಅಣ್ಣಾರ, ನೀವು ನಮಗಿಂತ ಲಗೂನ ಮುಗಸ್ತೀರಲ್ರಿ" ಎಂದಳು. ನಾನು ನಕ್ಕೆ.

ಅಕ್ಕೂರಿನ ಡಬ್ಬಿಗಳಲ್ಲಿ ಒಂದು ಅಕ್ಕನ ಮನೆಗೇ ಹೋಯಿತು. ಅಮ್ಮ ಸತ್ತಾಗ ನನಗೆ ನಾಲ್ಕು ವರ್ಷ. ಆಮೇಲೆ ನನ್ನನ್ನು ಸಾಕಿದವಳು ಅಕ್ಕ. ಮದುವೆಯಾಗಿ ಅಕ್ಕೂರಿಗೆ ಬರುವಾಗ ನನ್ನನ್ನೂ ಕರೆದುಕೊಂಡೇ ಬಂದಳು. ಅವಳ ಕೈಗುಣದ ಬಗ್ಗೆ ಆ ಊರಿನಲ್ಲಿ ದೊಡ್ಡ ನಂಬಿಕೆ. ಹುಳು ಹಣ್ಣಾಗಿ ಗೂಡು ಕಟ್ಟಲು ತಯಾರಾದಾಗ ಅವನ್ನು ಎತ್ತಿ ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಡಬೇಕು. ಮೊದಲ ಹಿಡಿ ಕೆಂಪಾಜಮ್ಮನ ಕೈಯಿಂದಲೇ ಬೀಳಬೇಕೆಂದು ಹತ್ತಾರು ಮನೆಯವರು ಬಂದು ಕರೆಯುತ್ತಿದ್ದರು. ಅವಳು ಮಾಡಿದ ಹೆಸರು ಅಂದರೆ ಅದೊಂದೇ. ಅದರ ಮೇಲೆ ಅವಳಿಗೆ ಬಲು ಹೆಮ್ಮೆ.

ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡಬೇಕು. ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕೂಗಿದರೆ, ಮೂರು ಸಲ ಆಗುವವರೆಗೆ ಓಗೊಡಬಾರದು ಎಂದು ಅಕ್ಕ ನನಗೆ ಚಿಕ್ಕಂದಿನಲ್ಲೇ ಕಲಿಸಿದ್ದಳು. ಕೆಟ್ಟ ಗಾಳಿಗೆ ಮೂರನೇ ಸಲ ಕೂಗಲು ಬರುವುದಿಲ್ಲವಂತೆ. ಅದು ಒಂದು ಸಲ, ಹೆಚ್ಚೆಂದರೆ ಎರಡು ಸಲ ಕೂಗುತ್ತದೆ. ಅಷ್ಟರೊಳಗೆ ಓ ಅಂದವರ ಉಸಿರನ್ನು ಅಂದಿನಿಂದಲೇ ಎಣಿಸತೊಡಗುತ್ತದೆ. ಗದ್ದೆಯಿಂದ ನನ್ನನ್ನು ಕರೆಯುವಾಗ ಅಕ್ಕ ತಪ್ಪದೆ ಮೂರು ಸಲ ಕರೆಯುತ್ತಿದ್ದಳು. ಮೂರನೆಯದಕ್ಕೆ ನಾನು ಓ ಅನ್ನುತ್ತಿದ್ದೆ.

ಡಬ್ಬಿ ಕೂರಿಸುವ ದಿನ ಅಕ್ಕ ನನ್ನ ಹೆಗಲ ಮೇಲಿಂದ ಬಗ್ಗಿ, "ಏನ್ಲಾ ಅದು ಒತ್ತದ್ದು?" ಎಂದು ಕೇಳಿದಳು.

"ಏನೋ ನಂಬರು ಕಣಕ್ಕ."

"ನನ್ ತಮ್ಮ ಇಂಗ್ಲೀಸು ಒತ್ತಂಗಾದ ನೋಡವ್ವ" ಎಂದು ಸೊಸೆಗೆ ತೋರಿಸಿದಳು.

ಎರಡು ತಿಂಗಳು ಏನೂ ಆಗಲಿಲ್ಲ. ತಿಂಗಳಿಗೊಮ್ಮೆ ಎಲ್ಲಾ ಮನೆಗೆ ಹೋಗಿ ಡಬ್ಬಿ ಒರೆಸಿ, ವೈರು ನೋಡಿ, ಜನ ಏನನ್ನುತ್ತಾರೆಂದು ಬರೆದುಕೊಂಡು ಬರುವುದು ನನ್ನ ಕೆಲಸವಾಗಿತ್ತು. ಮೂರನೇ ಸುತ್ತಿನಲ್ಲಿ ಕಬ್ಬಾಳಿನ ಹತ್ತಿರದ ಒಂದು ಮನೆಯಲ್ಲಿ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದ ಹೆಂಗಸು ತಲೆಯೆತ್ತಿ ಕೇಳಿದಳು.

"ಅಣ್ಣೋ, ಕೆಂಪಾಜಮ್ಮ ಅಂದ್ರೆ ಯಾರು ಗೊತ್ತಾ ನಿಮ್ಗೆ?"

"ಯಾಕಮ್ಮ?"

"ಮೊನ್ನೆ ಮಧ್ಯಾಹ್ನ ಹುಳುಮನೇಲಿ ಯಾವನೋ ಕೂಗ್ದ. ಒಳಗೋಗಿ ನೋಡಿದ್ರೆ ಯಾರೂ ಇಲ್ಲ. ನಮ್ಮಟ್ಟಿಲಿ ಆ ಹೆಸ್ರಿನೋರು ಸತ್ತೋರೂ ಇಲ್ಲ, ಬದುಕಿರೋರೂ ಇಲ್ಲ."

ನನ್ನ ಕೈಯಲ್ಲಿದ್ದ ಒರೆಸುವ ಬಟ್ಟೆ ಹಾಗೇ ನಿಂತಿತು. ಡಬ್ಬಿಯ ನೀಲಿ ದೀಪ ನನ್ನ ಕಡೆಗೇ ಇತ್ತು. ಯಾರೋ ಒಳಗೆ ಬಂದಿದ್ದಾರೆ ಎಂದು ನನಗೆ ಅಲ್ಲೇ ತಿಳಿಯಿತು. ಒಳಗೆ ಬಂದವನು ಎಲ್ಲಿಯವನೋ, ಯಾವ ಭಾಷೆಯವನೋ. ಬೀಗದ ಕೈಯ ಮೇಲೆ ಬರೆದಿದ್ದ ವಿಚಿತ್ರ ಪದವನ್ನು ತಮಾಷೆಗೆ ಬೀಗಕ್ಕೇ ಓದಿ ಹೇಳಿದ್ದಾನೆ. ಆ ಹೊತ್ತಿಗೇ ಮೇಡಂಗೆ ಫೋನು ಮಾಡಬೇಕಿತ್ತು. ಮಾಡಲಿಲ್ಲ. ಮೊಬೈಲು ತೆಗೆದು ಆ ಮನೆಯ ಪಾಸ್‌ವರ್ಡ್ ಬದಲಿಸಿ, ಉಳಿದವನ್ನು ಒಂದೊಂದಾಗಿ ಸದ್ದಿಲ್ಲದೆ ಬದಲಿಸಿಬಿಡೋಣ ಎಂದುಕೊಂಡೆ. ಲಕೋಟೆಗಳನ್ನು ಎಂದೋ ಬಿಸಾಡಿದ್ದೆ. ಹೊಸ ಪದ ಯೋಚಿಸುತ್ತಾ ಕೂತೆ. ಒಂದೂ ಹೊಳೆಯಲಿಲ್ಲ. ಪುಸ್ತಕದಲ್ಲಿ "ದೂರು ಇಲ್ಲ" ಎಂದು ಬರೆದೆ.

ಅದಾಗಿ ವಾರದೊಳಗೆ ಅಕ್ಕೂರಿನಿಂದ ಭಾವನ ಫೋನು ಬಂತು. "ಒಸಿ ಬಂದೋಗ್ಲಾ. ನಿಮ್ಮಕ್ಕ ಒಂಥರಾ ಆಗವ್ಳೆ."

ಹೋದೆ. ಅಕ್ಕ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ನಡೆದದ್ದನ್ನು ಅವಳ ಬಾಯಿಂದಲೇ ಕೇಳಿದೆ. ಹುಳು ನಾಲ್ಕನೇ ಜ್ವರಕ್ಕೆ ಕೂತಿದ್ದವಂತೆ. ಜ್ವರ ಅಂದರೆ ಹುಳು ಪೊರೆ ಬಿಡುವ ಹೊತ್ತು. ಮಿಕ್ಕ ದಿನಗಳಲ್ಲಿ ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯ ಹಾಗೆ ಸುರಿಯುತ್ತಿರುತ್ತದೆ. ಜ್ವರಕ್ಕೆ ಕೂತಾಗ ಸಾವಿರಾರು ಹುಳುಗಳು ಒಟ್ಟಿಗೆ ತಲೆಯೆತ್ತಿ, ಅಲ್ಲಾಡದೆ, ಏನನ್ನೋ ಕಿವಿಗೊಟ್ಟು ಕೇಳುವಂತೆ ನಿಂತುಬಿಡುತ್ತವೆ. ಆಗ ಹುಳುಮನೆಯಲ್ಲಿ ನಮ್ಮ ಉಸಿರು ನಮಗೇ ಕೇಳಿಸುತ್ತದೆ. ನಡು ಮಧ್ಯಾಹ್ನ ಅಕ್ಕ ಒಬ್ಬಳೇ ತಟ್ಟೆಗಳ ಮೇಲೆ ಸುಣ್ಣದ ಪುಡಿ ಉದುರಿಸುತ್ತಿದ್ದಳು.

"ಗಂಡಸಿನ ದನಿ ಕಣ್ಲಾ. ಕೆಂಪಾ... ಜಮ್ಮ ಅಂತ ಬುಡ್ಸಿ ಬುಡ್ಸಿ ಕೂಗ್ತು. ಡೇರಿಯೋರು ಯಾರೋ ಬಂದವ್ರೆ ಅಂದ್ಕಂಡು ಓ ಅಂದ್ಬುಟ್ಟೆ. ಒಂದೇ ಕೂಗಿಗೆ ಅಂದ್ಬುಟ್ಟೆ. ನಾ ಓ ಅಂದೇಟ್ಗೆ ಸುಮ್ಕಾಯ್ತು. ಅದಕ್ಕೆ ಬೇಕಾದ್ದು ಸಿಕ್ತು ಅನ್ನಂಗೆ."

ಪಕ್ಕದ ಮನೆಯ ಮುದುಕಿ ಸೆರಗು ಬಾಯಿಗೆ ಇಟ್ಟುಕೊಂಡಳು. ಭಾವ ನನ್ನ ಕಡೆ ತಿರುಗಿ, "ಲೇ, ಆ ಡಬ್ಬಿಯಿಂದೇನಾದ್ರೂ ಬಂದಿರಬೋದಾ? ನಿಂಗೆ ಗೊತ್ತಿರ್ತದೆ, ಹೇಳು" ಎಂದು ಕೇಳಿದ.

ಜಗಲಿಯಲ್ಲಿ ಐದಾರು ಜನ ಇದ್ದರು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಅಕ್ಕನೂ ನೋಡುತ್ತಿದ್ದಳು. ಹೌದು ಅಂದರೆ ಮೇಡಂವರೆಗೂ ಹೋಗುತ್ತದೆ, ಕೆಲಸ ಹೋಗುತ್ತದೆ, ಓದು ಬರದವನೆಂದು ನಾಲ್ಕು ತಾಲ್ಲೂಕಿಗೆ ಗೊತ್ತಾಗುತ್ತದೆ.

"ಇಲ್ಲ ಭಾವ" ಎಂದೆ. "ಅದು ಆ ಹೆಂಗಸಿನ ದನೀಲಿ ತೇವ ಹೇಳದು ಬುಟ್ರೆ ಬ್ಯಾರೆ ಮಾತಾಡಲ್ಲ."

"ನೋಡ್ದಾ" ಎಂದಳು ಅಕ್ಕ, ಯಾರಿಗೆಂದಿಲ್ಲದೆ. ಆಮೇಲೆ ಎದ್ದು ನನಗೆ ಮುದ್ದೆ ಉಪ್ಸಾರು ಬಡಿಸಿದಳು. ನಾನು ಉಂಡೆ.

ಸುದ್ದಿ ಹಬ್ಬಲು ಎರಡು ದಿನ ಸಾಕಾಯಿತು. ಚಂದ್ರಿಕೆಗೆ ಹುಳು ಬಿಡಲು ಕರೆಯುವವರು ನಿಂತರು. ಮೊದಲು ನೆಪ ಹೇಳಿದರು, ಆಮೇಲೆ ನೆಪವನ್ನೂ ಹೇಳಲಿಲ್ಲ. ಅಕ್ಕ ತನ್ನ ಮನೆಯ ಹುಳುಮನೆಗೂ ಕಾಲಿಡುವುದನ್ನು ಬಿಟ್ಟಳು. "ನನ್ ನೆಳ್ಳು ಹುಳದ ಮ್ಯಾಲೆ ಬೀಳದು ಬ್ಯಾಡ" ಎಂದು ಹೊಸ ಬೆಳೆಯನ್ನು ಸೊಸೆಗೆ ಬಿಟ್ಟಳು. ಊಟ ಒಂದು ಹೊತ್ತಿಗೆ ಇಳಿಯಿತು.

ಮೂರನೇ ವಾರ ಭಾವ ಅವಳನ್ನು ಕಬ್ಬಾಳಮ್ಮನ ಗುಡಿಗೆ ಕರೆದುಕೊಂಡು ಹೊರಟ. ನಾನೂ ಹೋದೆ. ಎರಡು ಬಸ್ಸು ಬದಲಿಸಿ ಬೆಟ್ಟದ ಬುಡಕ್ಕೆ ಬರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಸಾಲಿನಲ್ಲಿ ನಿಂತಿದ್ದಾಗ ಅಕ್ಕನಿಗೆ ತಲೆ ತಿರುಗಿದಂತಾಯಿತು. ಭಾವ ಗಾಬರಿಯಿಂದ, ಎಂದೂ ಹೆಸರು ಹಿಡಿದು ಕರೆಯದವನು, "ಕೆಂಪಾಜಮ್ಮ, ಕೂತ್ಕ" ಎಂದುಬಿಟ್ಟ. ಎರಡಾಳು ಮುಂದೆ ನಿಂತಿದ್ದ ಹೆಂಗಸು ಹಿಂತಿರುಗಿದಳು. ಮೂರನೇ ಸುತ್ತಿನಲ್ಲಿ ಸೊಪ್ಪು ಕತ್ತರಿಸುತ್ತಾ ನನ್ನನ್ನು ಕೇಳಿದ್ದವಳೇ. ನಾನು ಕಂಬದ ಮರೆಗೆ ಸರಿದೆ.

ಅವಳು ಹತ್ತಿರ ಬಂದು ಅಕ್ಕನ ಮುಖ ನೋಡಿದಳು. "ನಿನ್ ಹೆಸ್ರು ಕೆಂಪಾಜಮ್ಮನಾ? ಯಾವೂರವ್ವ?"

"ಅಕ್ಕೂರು."

"ನಮ್ ಹುಳುಮನೇಲಿ ನಿನ್ನೇ ಕಣವ್ವ ಕೂಗ್ತಿರದು. ನೆನ್ನೆನೂವೆ ಕೂಗ್ತು."

ಅಕ್ಕ ಕಿರುಚಲಿಲ್ಲ, ಅಳಲೂ ಇಲ್ಲ. ಇದು ತನಗೆ ಗೊತ್ತಿದ್ದದ್ದೇ ಎಂಬಂತೆ ತಲೆಯಾಡಿಸಿದಳು. "ದಾರಿ ತಪ್ಪಿ ನಿಮ್ಮಟ್ಟಿಗೆ ಬಂದೈತೆ. ಇನ್ಮ್ಯಾಲೆ ಬರಾಕಿಲ್ಲ ಬುಡವ್ವ. ನಾನು ಓಗೊಟ್ಟಾಯ್ತು" ಎಂದಳು. ಕಂಬದ ಮರೆಯಲ್ಲಿ ನಿಂತು ನಾನು ಆ ಮಾತು ಕೇಳಿದೆ. ಆಗಲೂ ಬಾಯಿ ಬಿಡಲಿಲ್ಲ.

ಬಾಯಿ ಬಿಡಿಸಿದ್ದು ಒಂದು ಸೀರೆ. ಐದನೇ ವಾರ ಅಕ್ಕೂರಿಗೆ ಹೋದಾಗ ಅಕ್ಕ ಟ್ರಂಕು ತೆರೆದು ಕೂತಿದ್ದಳು. ಹುರುಳಿ ಬೀಜದ ಗಡಿಗೆ ಎಲ್ಲಿದೆ, ಯಾವ ಹಸು ಯಾವಾಗ ಕರು ಹಾಕುತ್ತದೆ ಎಂದು ಸೊಸೆಗೆ ಒಪ್ಪಿಸಿ ಆಗಿತ್ತು. ಮಡಿಸಿದ ಒಂದು ಹಸಿರು ಸೀರೆಯನ್ನು ಬೇರೆ ತೆಗೆದಿಟ್ಟಿದ್ದಳು. ನನ್ನನ್ನು ನೋಡಿ, "ಇದು ಉಡ್ಸಿ ಅಂತ ಹೇಳಿವ್ನಿ. ನೀನೂ ಗ್ಯಾಪ್ನ ಮಡಿಕ್ಕೋ. ಇವ್ರು ಗಡಿಬಿಡೀಲಿ ಹಳೇದು ಉಡ್ಸ್‌ಬುಟ್ಟಾರು" ಎಂದಳು. ಮಾತಿನಲ್ಲಿ ಕೋಪವಿಲ್ಲ, ಹೆದರಿಕೆಯೂ ಇಲ್ಲ. ಸಂತೆಗೆ ಹೋಗುವವಳು ಮನೆ ಒಪ್ಪಿಸಿದ ಹಾಗೆ.

ನಾನು ಅಲ್ಲಿಂದ ನೇರ ಮೇಡಂ ಕೋಣೆಗೆ ಹೋದೆ. ನಿಂತೇ ಎಲ್ಲವನ್ನೂ ಹೇಳಿದೆ.

"ಎಷ್ಟು ಮನೆ?"

"ಇಪ್ಪತ್ತೆಂಟು ಮೇಡಂ."

"ಯಾರೋ ಒಳಗೆ ಬಂದಿದಾರೆ ಅಂತ ಯಾವಾಗಿಂದ ಗೊತ್ತು?"

"ಆರು ವಾರದಿಂದ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಊರೂರಲ್ಲೂ ನಾನು ಮೈಕಲ್ಲಿ ಹೇಳ್ತಿದ್ದೆನಲ್ಲ, ಒಂದು ಸಲಾನಾದ್ರೂ ಕೇಳಿಸಿಕೊಂಡ್ರಾ ನೀವು?"

"ಎಲ್ಲಾ ಸಲಾನೂ ಕೇಳಿಸಿಕೊಂಡಿದೀನಿ ಮೇಡಂ."

ಅವರು ಬೈಯಲಿಲ್ಲ. ಪುಸ್ತಕ ತರಿಸಿದರು. ಯಾವ ಟಿಕ್ ನಿಜ, ಯಾವುದು ಸುಳ್ಳು ಎಂದು ಒಂದೊಂದಾಗಿ ನನ್ನ ಕೈಯಲ್ಲೇ ಗುರುತು ಹಾಕಿಸಿದರು. ವಿದ್ಯಾರ್ಥಿನಿ ಕಂಪನಿಯಿಂದ ಡಬ್ಬಿಗಳ ದಾಖಲೆ ತರಿಸಿಕೊಂಡಳು. ಯಾವ ಡಬ್ಬಿಯನ್ನು ಯಾರು, ಯಾವ ಹೊತ್ತಿನಲ್ಲಿ, ಎಲ್ಲಿಂದ ತೆರೆದರು ಎಂಬ ಪಟ್ಟಿ ಅದರಲ್ಲಿತ್ತು. ಸಂಜೆಯೊಳಗೆ ಜಾಡು ಸಿಕ್ಕಿತು. ಮಾಗಡಿ ಕಡೆಯ ಆ ನಾಲ್ಕನೇ ಮನೆಯ ಮೊಬೈಲಿನಲ್ಲಿ ಯಾರೋ ಬಿಟ್ಟಿ ಕ್ರಿಕೆಟ್ ನೋಡಲೆಂದು ಒಂದು ನಕಲಿ ಆ್ಯಪ್ ಹಾಕಿಕೊಂಡಿದ್ದರು. ಅದು ಮೊಬೈಲಿನಲ್ಲಿದ್ದ ಪಾಸ್‌ವರ್ಡುಗಳನ್ನೆಲ್ಲ ಹೊರಗೆ ಸಾಗಿಸಿತ್ತು. ಕಂಪನಿಯವರು ಡಬ್ಬಿಗಳಿಗೆ ಸಾಲಾಗಿ ನಂಬರು ಕೊಟ್ಟಿದ್ದರು. ಒಂದನ್ನು ತೆರೆದವನು ಮುಂದಿನ ನಂಬರಿಗೆ ಅದೇ ಪದ ಹಾಕಿ ನೋಡಿದ್ದ. ತೆರೆಯಿತು. ಅದರ ಮುಂದಿನದೂ ತೆರೆಯಿತು. ಮೊದಲ ಮೂರು ಮಾತ್ರ ತೆರೆದಿರಲಿಲ್ಲ.

ಅವನು ಬರುತ್ತಿದ್ದದ್ದು ಹನ್ನೆರಡರಿಂದ ಒಂದು ಗಂಟೆಯೊಳಗೆ. ಬಂದ ಜಾಡು ಮೂರು ನಾಲ್ಕು ದೇಶ ಸುತ್ತಿ ಎಲ್ಲೋ ಕಳೆದುಹೋಗಿತ್ತು. ಅಕ್ಕನ ಮನೆಯ ಸಾಲನ್ನು ವಿದ್ಯಾರ್ಥಿನಿ ಬೆರಳಿಟ್ಟು ತೋರಿಸಿದಳು. ಮೈಕು ಒತ್ತಿದ್ದಾನೆ. ಆರು ಸೆಕೆಂಡಿಗೆ ಹೊರಗೆ ಹೋಗಿದ್ದಾನೆ. "ಆ ಕಡಿಂದ ಯಾರರ ಓ ಅಂತಾರ ಅಂತ ಅವಗೂ ಗೊತ್ತಿದ್ದಿಲ್ಲ ಕಾಣಸ್ತೈತ್ರಿ" ಎಂದಳು.

ಮರುದಿನ ಕಂಪನಿಯ ಎಂಜಿನಿಯರು ಬಂದರು. ಸಾಲು ನಂಬರಿನ ತಪ್ಪು ತಮ್ಮದೆಂದು ಒಪ್ಪಿಕೊಂಡರು. ಇಲ್ಲಿಂದಲೇ ಹತ್ತು ನಿಮಿಷದಲ್ಲಿ ಎಲ್ಲಾ ಪಾಸ್‌ವರ್ಡ್ ಬದಲಿಸುತ್ತೇವೆ, ದನಿ ನಿಂತುಹೋಗುತ್ತದೆ, ಊರಿನವರಿಗೆ ಹೇಳಿ ಹೆದರಿಸುವುದು ಬೇಡ ಎಂದರು. ಮೇಡಂ ನನ್ನ ಮುಖ ನೋಡಿದರು.

ನಾನು ಆ ಕೋಣೆಯಲ್ಲಿ ಮಾತಾಡುವವನಲ್ಲ. ಆದರೂ ಹೇಳಿದೆ. "ದನಿ ಸುಮ್ಮನೆ ನಿಂತರೆ ನಮ್ಮಕ್ಕ ಬದುಕಲ್ಲ ಸಾರ್. ಓಗೊಟ್ಟಿದ್ದಕ್ಕೇ ನಿಂತಿತು ಅಂದ್ಕೋತಾಳೆ. ನಾನು ಹೋಗಿ ಹೇಳೋವರೆಗೂ ಅವಳ ಮನೇದು ಒಂದು ಬದಲಾಯಿಸಬೇಡಿ."

ಮೇಡಂ ತೀರ್ಮಾನ ಮಾಡಿದರು. ಉಳಿದ ಮನೆಗಳಿಗೆ ಅಂದೇ ಫೋನು ಮಾಡಿ ಡಬ್ಬಿಯ ವೈರು ಕೀಳಿಸಿದರು. ಅಕ್ಕೂರಿನ ಆ ಒಂದು ಡಬ್ಬಿಯ ಕ್ಯಾಮೆರಾಕ್ಕೆ, ಮೇಡಂ ಫೋನಿನಲ್ಲಿ ಹೇಳಿದಂತೆ, ಭಾವ ಬಟ್ಟೆ ಹೊದಿಸಿದ. ಮೂವತ್ತೊಂದು ಮನೆಗೂ ಹೋಗಿ ನಡೆದದ್ದನ್ನು ನಡೆದಂತೆ ಹೇಳುವುದು, ಹೇಳುವವನು ನಾನೇ ಆಗಿರಬೇಕು ಎಂದರು.

ಮರುದಿನ ಬೆಳಿಗ್ಗೆ ಅಕ್ಕೂರಿಗೆ ಹೋದೆವು. ಅಕ್ಕನ ಮುಂದೆ ಕೂತು ಹೇಳಿದೆ. ಅವಳು ಪೂರ್ತಿ ಕೇಳಿ ನನ್ನ ತಲೆ ಸವರಿದಳು.

"ಅಕ್ಕನ ಸಮಾಧಾನಕ್ಕೆ ಏನೇನೋ ಹೇಳ್ತಾನೆ ನೋಡ್ರವ್ವ" ಎಂದು ಮೇಡಂಗೆ ಹೇಳಿದಳು. "ಡಬ್ಬಿಗೆ ಮಾತು ಬರಾಕಿಲ್ಲ ಅಂತ ಅವತ್ತು ಇವ್ನೇ ಹೇಳ್ದ. ನನ್ ತಮ್ಮ ನಂಗೆ ಸುಳ್ಳು ಹೇಳ್ತಾನಾ?"

ಅವತ್ತಿನ ಸುಳ್ಳನ್ನು ಅವಳು ನಂಬಿದ್ದಳು. ಆದ್ದರಿಂದ ಇವತ್ತಿನ ನಿಜ ಅವಳಿಗೆ ಸುಳ್ಳಾಗಿತ್ತು. ತೋರಿಸದೆ ಬೇರೆ ದಾರಿ ಇರಲಿಲ್ಲ. ಮೇಡಂ ಅಕ್ಕನ ಕೈ ಹಿಡಿದು ಹುಳುಮನೆಯೊಳಗೆ ಕರೆದುಕೊಂಡು ಹೋದರು. ಡಬ್ಬಿಗೆ ಹೊದಿಸಿದ್ದ ಬಟ್ಟೆ ತೆಗೆದರು. ನಾನೂ ವಿದ್ಯಾರ್ಥಿನಿಯೂ ಸೊಪ್ಪಿನ ತೋಟದಾಚೆ ನಿಲ್ಲಿಸಿದ್ದ ವ್ಯಾನಿಗೆ ಬಂದೆವು. ಅಲ್ಲಿಂದ ಕೂಗಿದರೆ ಮನೆಗೆ ಕೇಳುವುದಿಲ್ಲ. ಹೊತ್ತು ಹನ್ನೆರಡೂವರೆ.

ಮೊಬೈಲು ತೆಗೆದು ಆ ಹತ್ತು ಅಕ್ಷರ ಒತ್ತಿದೆ. ಒಳಗಿನ ಚಿತ್ರ ಬಂತು. ತಟ್ಟೆಗಳು, ಮೇಡಂ, ಗೋಡೆಗೆ ಒತ್ತಿಕೊಂಡು ನಿಂತ ಅಕ್ಕ. ಹೊಸ ಬೆಳೆಯ ಹುಳು ಸೊಪ್ಪು ಮೇಯುವ ಸದ್ದು ಮೊಬೈಲಿನಿಂದ ಸಣ್ಣಗೆ ಸುರಿಯುತ್ತಿತ್ತು. ವಿದ್ಯಾರ್ಥಿನಿ ಲ್ಯಾಪ್‌ಟಾಪು ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದಳು.

"ಅಣ್ಣಾರ, ಇಲ್ನೋಡ್ರಿ. ಎಷ್ಟು ಮಂದಿ ನೋಡಾಕತ್ತಾರ ಅಂತ ತೋರಸ್ತೈತ್ರಿ ಇದು." ಅಲ್ಲಿ ಎರಡು ಎಂದಿತ್ತು. "ಒಂದು ನಾವು."

ಸುತ್ತ ಹಾಡು ಹಗಲು. ಬದುವಿನ ಮೇಲೆ ಕುರಿಗಳು ಮೇಯುತ್ತಿದ್ದವು. ಎಲ್ಲೋ ಕೂತ ಒಬ್ಬನು ನನ್ನ ಜೊತೆಗೇ ನನ್ನ ಅಕ್ಕನನ್ನು ನೋಡುತ್ತಿದ್ದ. "ಮುಚ್ಚಿಬಿಡ್ಲೇನ್ರಿ?" ಎಂದಳು. ಬೇಡ ಎಂದೆ. ಮುಚ್ಚಿದರೆ ಅಕ್ಕ ಇನ್ನೊಮ್ಮೆ ನಂಬುವುದಿಲ್ಲ.

ಮೈಕಿನ ಚಿತ್ರ ಒತ್ತಿ ಹಿಡಿದೆ. ಬಾಯಿ ಬರಲಿಲ್ಲ. ಹುಟ್ಟಿದಾಗಿನಿಂದ ನಾನು ಅವಳನ್ನು ಹೆಸರು ಹಿಡಿದು ಕರೆದವನಲ್ಲ. ನಮ್ಮಲ್ಲಿ ಯಾವ ತಮ್ಮನೂ ಕರೆಯುವುದಿಲ್ಲ. ಇಪ್ಪತ್ತೆಂಟು ಮನೆಯಲ್ಲಿ ಕೈಯಿಂದ ಬರೆದ ಹೆಸರನ್ನು ಬಾಯಿಂದ ಒಂದು ಸಲವೂ ಹೇಳಿರಲಿಲ್ಲ.

"ಕೆಂಪಾಜಮ್ಮ" ಎಂದೆ.

ಚಿತ್ರದಲ್ಲಿ ಅಕ್ಕ ಎರಡು ಕೈಯಿಂದ ಬಾಯಿ ಮುಚ್ಚಿಕೊಂಡಳು. ಈ ಸಲ ಓಗೊಡಲಿಲ್ಲ.

"ಅಕ್ಕ, ನಾನೇ ಕಣಕ್ಕ. ಸೊಪ್ಪಿನ ತೋಟದಾಚೆ ಅವ್ನಿ. ಗಾಳಿ ಅಲ್ಲ ಕಣಕ್ಕ, ಈ ಡಬ್ಬಿ. ನಿನ್ ಹೆಸ್ರು ಇದಕ್ಕೆ ಇಟ್ಟೋನು ನಾನು. ಅವತ್ತು ಸುಳ್ಳೇಳ್ದೋನೂ ನಾನೇ."

ಅವಳು ಡಬ್ಬಿಯ ಹತ್ತಿರ ಬಂದು ಅದರೊಳಕ್ಕೆ ಬಗ್ಗಿ ನೋಡಿದಳು. ಆಮೇಲೆ ಚಿತ್ರದಿಂದ ಹೊರಗೆ ಹೋದಳು. ತೋಟದ ನಡುವಿನ ಕಾಲುದಾರಿಯಲ್ಲಿ ಬರಿಗಾಲಲ್ಲಿ ನಡೆದು ಬಂದಳು. ನನ್ನ ಕೈಯಿಂದ ಮೊಬೈಲು ಇಸಕೊಂಡಳು. ಅದರಲ್ಲಿ ಅವಳ ಹುಳುಮನೆ ಇತ್ತು. ಗೋಡೆಯ ಬಳಿ ಅವಳು ನಿಂತಿದ್ದ ಜಾಗ ಖಾಲಿ ಇತ್ತು.

"ಇದ್ರಲ್ಲಿ ನಾನು ಅವ್ನಿಗೆ ದಿನಾ ಕಾಣ್ತಿದ್ನಾ?"

"ಕಾಣ್ತಿದ್ದೆ ಅಕ್ಕ."

"ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ಗೊತ್ತಿದ್ದೂ ಕೂತ್ಕಂಡು ನಾ ಬಡ್ಸಿದ ಮುದ್ದೆ ಉಂಡೆ."

ಅವಳು ಹೊಡೆದಿದ್ದರೆ ಚೆನ್ನಾಗಿತ್ತು. ಮೊಬೈಲನ್ನು ನನ್ನ ಕೈಗೆ ವಾಪಸು ಇಟ್ಟು ತಿರುಗಿ ಹೋದಳು. ವಿದ್ಯಾರ್ಥಿನಿ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. ಎರಡು ಇದ್ದದ್ದು ಒಂದಾಗಿತ್ತು. ಅವನು ಎಷ್ಟು ಕೇಳಿಸಿಕೊಂಡ, ಅದರಲ್ಲಿ ಅವನಿಗೆ ಏನು ತಿಳಿಯಿತು, ನನಗೆ ಗೊತ್ತಿಲ್ಲ. ಪೊಲೀಸರಿಗೆ ದೂರು ಕೊಟ್ಟೆವು. ಅವನು ಯಾರೆಂದು ಇವತ್ತಿಗೂ ಪತ್ತೆಯಾಗಿಲ್ಲ.

ಉಳಿದ ಮನೆಗಳಿಗೆ ಹೋಗಿ ಹೇಳಿ ಮುಗಿಸಲು ಹನ್ನೊಂದು ದಿನ ಹಿಡಿಯಿತು. ಕೆಲವರು ನಕ್ಕರು, ಇಬ್ಬರು ಡಬ್ಬಿಯನ್ನೇ ಕಿತ್ತು ಕೊಟ್ಟರು. ಮಾಗಡಿ ಕಡೆಯ ಯಜಮಾನ, "ಅವತ್ತೇ ಓದಕ್ಕೆ ಬರಾಕಿಲ್ಲ ಅಂದಿದ್ರೆ ನನ್ ಮಗಳು ಒತ್ತಿಕೊಡ್ತಿದ್ಲಲ್ಲಣ್ಣ" ಎಂದ. ಅಷ್ಟು ಸುಲಭವಾಗಿತ್ತು ಅದು. ಈಗ ನಮ್ಮ ಕ್ರಮ ಅದೇ ಆಗಿದೆ. ಲಕೋಟೆಯನ್ನು ಮನೆಯವರೇ ಒಡೆಯುತ್ತಾರೆ, ಅವರೇ ಒತ್ತುತ್ತಾರೆ. ಗೊಂದಲದ ಕಡ್ಡಿ ಅಕ್ಷರಗಳನ್ನು ಮೇಡಂ ತೆಗೆಸಿದ್ದಾರೆ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಟಿಕ್ ಹಾಕುವ ಪುಸ್ತಕ ಮಾತ್ರ ನನ್ನ ಕೈಗೆ ಮತ್ತೆ ಬಂದಿಲ್ಲ.

ಅಕ್ಕ ಹಸಿರು ಸೀರೆಯನ್ನು ಟ್ರಂಕಿನ ತಳಕ್ಕೆ ಹಾಕಿದ್ದಾಳೆ. ಎರಡು ಹೊತ್ತು ಉಣ್ಣುತ್ತಾಳೆ. ಚಂದ್ರಿಕೆಗೆ ಹುಳು ಬಿಡಲು ಮೂರು ಮನೆಯವರು ಮತ್ತೆ ಕರೆದಿದ್ದಾರೆ. ಉಳಿದವರು ಇನ್ನೂ ಕರೆದಿಲ್ಲ. ಡಬ್ಬಿಯನ್ನು ತೆಗೆಯುವುದು ಬೇಡವೆಂದು ಅವಳೇ ಹೇಳಿ, ಅದರ ಮುಖವನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದಾಳೆ.

ಹೋದ ವಾರ ಅಕ್ಕೂರಿಗೆ ಹೋಗಿದ್ದೆ. ಗೇಟಿನ ಬಳಿ ನಿಂತು "ಅಕ್ಕಾ" ಎಂದೆ. ಹುಳುಮನೆಯ ಬಾಗಿಲು ತೆರೆದಿತ್ತು. ಅವಳು ಒಳಗೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ತಲೆಯೆತ್ತಿ ನನ್ನನ್ನು ನೋಡಿದಳು. ನಾನೆಂದು ಅವಳಿಗೆ ಚೆನ್ನಾಗಿ ಕಾಣುತ್ತಿತ್ತು. ಸುಮ್ಮನಿದ್ದಳು.

"ಅಕ್ಕಾ" ಎಂದೆ ಇನ್ನೊಂದು ಸಲ. ಅವಳು ಸೊಪ್ಪಿಗೆ ಕೈ ಹಾಕಿದಳು.

ಮೂರನೇ ಸಲ ಕರೆದೆ.

"ಓ" ಎಂದಳು.